ಚಹಾ ತೋಟದ ಶಾಲೆಯಲ್ಲಿ ಮೊದಲ ಮೆಟ್ಟಿಲು

ಜೋಗುಪಾಳ್ಯ

ಐಶು, ಸಮರ್ಥ, ಹೋದ ಭಾನುವಾರ ನೀವು ಕೆ.ಆರ್. ಪುರದಿಂದ ಬಂದಾಗ "ಫಾರಿನ್‌ಗೆ ಹೋಗಿ ಏನೇನ್ ನೋಡ್ದೆ ಅಜ್ಜಿ?" ಎಂದು ಕೇಳಿದಿರಿ. "ಶಾಲೆಗೆ ಹೋಗಿದ್ದೆ" ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕಿರಿ. ಸಮುದ್ರ ನೋಡಲಿಲ್ಲವಾ, ಆನೆ ನೋಡಲಿಲ್ಲವಾ ಅಂತ ಐಶು ಬೆರಳು ಮಡಿಸಿ ಕೇಳಿದಳು. ಸಮುದ್ರವನ್ನು ವಿಮಾನದ ಕಿಟಕಿಯಿಂದ ನೋಡಿದೆ. ಆನೆ ಕಾಣಲಿಲ್ಲ. ಶ್ರೀಲಂಕಾದಲ್ಲಿ ನಾನು ಇದ್ದದ್ದೇ ಆರು ದಿನ, ಅದರಲ್ಲಿ ನಾಲ್ಕು ದಿನ ಎರಡನೇ ತರಗತಿಯಲ್ಲಿ ಕಳೆದೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುತ್ತಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದು ನಿಮಗೆ ಸ್ವಲ್ಪ ನಿಧಾನ. ಇರಲಿ, ನಿಧಾನವಾಗಿಯೇ ಓದಿ.

ಹಲಸೂರಿನಲ್ಲಿ ನಾನು ಕೆಲಸ ಮಾಡುವ ಸರ್ಕಾರಿ ಶಾಲೆ ನಿಮಗೆ ಗೊತ್ತಲ್ಲ. ಮಧ್ಯಾಹ್ನದ ಊಟ ಅಲ್ಲಿಗೆ ವ್ಯಾನಿನಲ್ಲಿ ಬರುತ್ತದೆ. ಅದನ್ನು ಬಡಿಸುವುದು, ಬೆಳಿಗ್ಗೆ ಪುಡಿಯಿಂದ ಹಾಲು ಕಾಯಿಸಿ ಕೊಡುವುದು, ಮೊಟ್ಟೆ ಬೇಯಿಸುವುದು ನನ್ನ ಪಾಲು. ಲೋಟಗಳನ್ನು ತೊಳೆದಿಟ್ಟ ಮೇಲೆ ವ್ಯಾನು ಬರುವವರೆಗೆ ನಲಿ-ಕಲಿ ಕೋಣೆಯ ಹೊಸ್ತಿಲಲ್ಲಿ ಕೂತಿರುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ಕಲಿಯುತ್ತಾರೆ. ಸಾಲು ಬೆಂಚು ಇಲ್ಲ, ಗುಂಪುಗುಂಪಾಗಿ ಗುಂಡಗೆ ಕೂರುತ್ತಾರೆ. ಗೋಡೆಯ ಮೇಲೆ ಏಣಿಯ ಚಿತ್ರವಿದೆ, ಮೆಟ್ಟಿಲಿಗೊಂದು ಕಾರ್ಡು. ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ತಂದು ಕಲಿತು ಮುಂದಿನದಕ್ಕೆ ಹೋಗುತ್ತದೆ. ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತದೆ. ನಮ್ಮ ಮಕ್ಕಳಲ್ಲಿ ಬಹಳ ಜನ ರಾಯಚೂರು, ಯಾದಗಿರಿ ಕಡೆಯವರು. ಊರಿಗೆ ಹೋದರೆ ಹದಿನೈದು ದಿನ ಬರುವುದಿಲ್ಲ. ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಾರೆ, ಯಾರೂ ಬಯ್ಯುವುದಿಲ್ಲ. ನಾನು ಓದಿದ ಊರ ಶಾಲೆಯಲ್ಲಿ ಏಣಿ ಇರಲಿಲ್ಲ, ಬೆತ್ತ ಇತ್ತು. ಏಳನೆಯದಕ್ಕೆ ಬಿಟ್ಟೆ.

ಶ್ರೀಲಂಕಾದ ಗುಡ್ಡಗಾಡಿನ ಒಂದು ಚಹಾ ತೋಟದ ಶಾಲೆಯವರು ಈ ಏಣಿಯನ್ನು ನೋಡಬೇಕು ಎಂದರಂತೆ. ಎರಡೂ ಶಾಲೆಗಳಿಗೆ ನೆರವಾಗುವ ಒಂದು ಸಂಸ್ಥೆ ನಮ್ಮ ನಲಿ-ಕಲಿ ಟೀಚರ್ ವಸುಧಾ ಮಿಸ್ ಅವರನ್ನು ಕಳಿಸಲು ಒಪ್ಪಿತು. ಆದರೆ ಅದು ತಮಿಳು ಶಾಲೆ. ತುಮಕೂರಿನ ವಸುಧಾ ಮಿಸ್‌ಗೆ ತಮಿಳು ಬಾರದು. ಹೆಡ್‌ಮಿಸ್ ನನ್ನ ಕಡೆ ತಿರುಗಿದರು.

"ಶರಣಮ್ಮಾರೆ, ಮಾರ್ಕೆಟ್ಟಲ್ಲಿ ಸೊಪ್ಪಿನವರ ಹತ್ರ ನೀವು ತಮಿಳಲ್ಲಿ ಜಗಳ ಆಡೋದನ್ನ ನಾನೇ ಕೇಳಿದೀನಿ. ನೀವೂ ಹೋಗ್ಬನ್ನಿ."

"ಒಲ್ಲೆರಿ ಮೇಡಂ. ನಂಗ ಜಗಳದ ತಮಿಳಷ್ಟ ಬರ್ತೈತಿ."

"ಸಾಕು ಬಿಡಿ. ಮಿಸ್‌ಗೆ ಅದೂ ಬರಲ್ಲ."

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದ ದಿನ ವಠಾರದವರೆಲ್ಲ ಬಾಗಿಲಿಗೆ ಬಂದರು. "ಆಂಟಿ ಏನ್ ಮಾಡ್ಬಿಟ್ರು ಸಾರ್?" ಎಂದಳು ಎದುರುಮನೆಯ ಪದ್ಮಾ. "ಏನೂ ಮಾಡಿಲ್ಲಮ್ಮ, ಲಂಕೆಗೆ ಹೋಗ್ತಾರಂತೆ" ಎಂದರು ಅವರು. ಪದ್ಮಾ ಇನ್ನೂ ಹೆಚ್ಚು ಗಾಬರಿಯಾದಳು.

ಕೊಲಂಬೊ

ವಿಮಾನ ಹತ್ತಿ, ಕೊಟ್ಟ ಬನ್ನು ತಿಂದು, ನಡುಪಟ್ಟಿ ಬಿಚ್ಚುವುದು ಹೇಗೆ ಎಂದು ಕಲಿಯುವಷ್ಟರಲ್ಲಿ ಇಳಿಯುವ ಸಮಯವಾಗಿತ್ತು. ಸಂಜೆ ಹೊತ್ತು ಹಲಸೂರಿನಿಂದ ನಿಮ್ಮ ಮನೆಗೆ ಬಸ್ಸಿನಲ್ಲಿ ಬರಲು ಕೆಲವೊಮ್ಮೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಅಲ್ಲಿನ ನಿಲ್ದಾಣದಲ್ಲಿ ನಮ್ಮ ಸಾಮಾನು ತೆರೆಸಿದರು. ಮಿಸ್ಸಿನ ಪೆಟ್ಟಿಗೆಯ ತುಂಬ ರಟ್ಟಿನ ಕಾರ್ಡು, ಸ್ಲೇಟು, ಬಣ್ಣದ ಮಣಿ. ಇದನ್ನೆಲ್ಲ ಮಾರುತ್ತೀರಾ ಎಂದು ಅಧಿಕಾರಿ ಕೇಳಿದ. ಮಿಸ್ ಇಂಗ್ಲಿಷಿನಲ್ಲಿ ಉದ್ದಕ್ಕೆ ವಿವರಿಸಿದರು. ಅವನ ಹುಬ್ಬು ಇಳಿಯಲಿಲ್ಲ. ಆಮೇಲೆ ನನ್ನ ಚೀಲದಲ್ಲಿದ್ದ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿಯ ಮುಚ್ಚಳ ತೆಗೆದು ಮೂಸಿದ. ಮೂರು ಸಲ ಸೀನಿದ. ಕಣ್ಣೊರೆಸಿಕೊಂಡು ಇಬ್ಬರಿಗೂ ಹೋಗಿ ಎಂದು ಕೈ ಮಾಡಿದ. "ನನ್ನ ಎಂ.ಎ., ಬಿ.ಎಡ್.ಗಿಂತ ನಿಮ್ಮ ಹಿಂಡಿ ವಾಸಿ ಶರಣಮ್ಮಾರೆ" ಎಂದು ಮಿಸ್ ದಾರಿಯುದ್ದಕ್ಕೂ ಹೇಳಿ ನಕ್ಕರು.

ಗುಡ್ಡದ ಮೇಲೆ ಆ ಶಾಲೆಯ ಎರಡನೇ ತರಗತಿಯ ತಂಗರಾಣಿ ಟೀಚರ್ ಮನೆಯಲ್ಲಿ ಸಂಸ್ಥೆಯವರು ನಮ್ಮನ್ನು ಇಳಿಸಿದರು. ಸುತ್ತ ಎತ್ತ ನೋಡಿದರೂ ಚಹಾ ಗಿಡ, ಮನೆಯಲ್ಲಿ ಮಾತ್ರ ಹಾಲಿಲ್ಲದ ಚಹಾ. ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಂಡು, ಅದನ್ನು ಕಚ್ಚುತ್ತ ಕರಿ ಚಹಾ ಕುಡಿಯುತ್ತಾರೆ. ಹಾಲು ಬೇಕೆಂದರೆ ಪುಡಿ ಕಲಸಬೇಕು. ಟೀಚರ್ ಕಲಸಿದ್ದು ಗಂಟುಗಂಟಾಯಿತು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲವಲ್ಲ! ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಪುಡಿ ಎಂದು ತೋರಿಸಿಕೊಟ್ಟೆ. ಪರದೇಶದಲ್ಲಿ ನಾನು ಮಾಡಿದ ಮೊದಲ ಪಾಠ ಅದು. ಅಲ್ಲಿ ನನ್ನ ತಮಿಳು ನಡೆಯುತ್ತದೆ ಎಂದು ತಿಳಿದದ್ದೂ ಆಗಲೇ. ಮುಂದೆ ಅಲ್ಲಿಯವರ ಮಾತನ್ನೆಲ್ಲ ನಿಮಗಾಗಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ದಿನ

ಬಿಳಿ ಬಟ್ಟೆಯ ಮಕ್ಕಳು ಅಂಗಳದ ಎರಡೂ ಕಡೆ ನಿಂತಿದ್ದರು. ಆ ದೇಶದಲ್ಲಿ ಅತಿಥಿ ಬಂದರೆ ವೀಳ್ಯದೆಲೆಯ ಕಟ್ಟು ಕೊಟ್ಟು ಕರೆಯುತ್ತಾರೆ. ಒಬ್ಬ ಹುಡುಗ ಮಿಸ್‌ಗೆ ಎಲೆ ಕೊಟ್ಟು ಕಾಲು ಮುಟ್ಟಿದ. ನನ್ನ ಮುಂದೆ ಒಬ್ಬಳು ಚಿಕ್ಕ ಹುಡುಗಿ ಬಂದು ನಿಂತಳು. ಎರಡು ಜಡೆ, ತೆಳ್ಳಗಿನ ಕೈ. ಎರಡೂ ಕೈಯಲ್ಲಿ ಎಲೆಯ ಕಟ್ಟು ಹಿಡಿದು ಚಾಚಿದಳು.

ನಾನು ಹಿಂದೆ ಸರಿದೆ.

ಯಾಕೆ ಎಂದು ನಿಮಗೆ ಹೇಳಬೇಕು. ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ನಾನು ಯಾರ ಕೈಯಿಂದಲೂ ವೀಳ್ಯದೆಲೆ ತೆಗೆದುಕೊಂಡಿಲ್ಲ. ಗಂಡ ಇಲ್ಲದವಳಿಗೆ ಅರಿಶಿನ, ಕುಂಕುಮ, ಎಲೆ ಕೊಡುವುದಿಲ್ಲ ಎಂಬುದನ್ನು ನಾವು ನೋಡುತ್ತಲೇ ಬೆಳೆದದ್ದು. ಗೃಹಪ್ರವೇಶ, ಸೀಮಂತಗಳಲ್ಲಿ ತಟ್ಟೆ ನನ್ನ ಹತ್ತಿರ ಬರುವ ಮುಂಚೆಯೇ ನೀರು ಕುಡಿಯುವ ನೆಪ ಮಾಡಿ ಎದ್ದುಬಿಡುತ್ತೇನೆ. ಕೊಡಲೋ ಬೇಡವೋ ಎಂದು ಯಾರೂ ತಡವರಿಸಬಾರದು ನೋಡಿ. ಆ ಬೆಳಿಗ್ಗೆಯೂ ಕಾಲು ತಾನಾಗಿಯೇ ಹಿಂದಕ್ಕೆ ಹೋಯಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ತಲೆ ಅಲ್ಲಾಡಿಸಿದೆ.

ಹುಡುಗಿ ಚಾಚಿದ ಕೈಯನ್ನು ಹಾಗೇ ಹಿಡಿದಿದ್ದಳು. ಯಾರೋ ದೊಡ್ಡ ಹುಡುಗರು ಕಿಸಕ್ಕನೆ ನಕ್ಕರು. ತಂಗರಾಣಿ ಟೀಚರ್ ಬಂದು ಅವಳ ಕೈಯಿಂದ ಎಲೆ ಇಸಿದುಕೊಂಡು, ಅವಳನ್ನು ಸಾಲಿಗೆ ಕಳಿಸಿದರು.

ಊಟದ ಹೊತ್ತಿಗೆ ಟೀಚರ್ ನನ್ನ ಪಕ್ಕ ಕೂತರು. "ಅವಳ ಹೆಸರು ದರ್ಶಿನಿ. ಯಾವುದಕ್ಕೂ ಮುಂದೆ ಬರೋಳಲ್ಲ. ಒಂದು ವಾರ ಅಭ್ಯಾಸ ಮಾಡಿಸಿ ಒಪ್ಪಿಸಿದ್ದೆ" ಎಂದರು. ಆಮೇಲೆ, "ತನ್ನ ಕೈ ಗಲೀಜಾಗಿತ್ತು, ಅದಕ್ಕೆ ಪಾಟಿ ತಗೊಳ್ಳಲಿಲ್ಲ ಅಂತಿದ್ದಾಳೆ. ನಲ್ಲಿ ಹತ್ರ ಮೂರು ಸಲ ತೊಳೆದು ಬಂದಳು" ಎಂದರು. ಪಾಟಿ ಎಂದರೆ ಅಜ್ಜಿ.

ಒಬ್ಬರ ಕೈಯಿಂದ ತೆಗೆದುಕೊಳ್ಳದಿದ್ದರೆ ಅವರಿಗೆ ಏನು ಅನ್ನಿಸುತ್ತದೆ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ನನ್ನ ಅಳುಕನ್ನು ನಾನು ಆ ಮಗುವಿನ ಕೈಗೆ ಅಂಟಿಸಿದ್ದೆ. ಇನ್ನು ನಾಲ್ಕು ದಿನದಲ್ಲಿ ನಾನು ಹೊರಟುಹೋಗುತ್ತೇನೆ, ಅದು ಅವಳಲ್ಲೇ ಉಳಿಯುತ್ತದೆ.

ಎರಡನೇ ದಿನ

ಅಲ್ಲಿನ ಲೆಕ್ಕದ ಪಾಠ ನೋಡಿದೆವು. ಪ್ರತಿ ಮಗುವೂ ತೋಟದಿಂದ ಚಹಾ ಚಿಗುರು ತಂದಿತ್ತು. ಎರಡು ಎಲೆ, ಒಂದು ಮೊಗ್ಗು, ಸೇರಿಸಿದರೆ ಮೂರು. ಎರಡು ಚಿಗುರು ಇಟ್ಟರೆ ಆರು, ಮೂರಿಟ್ಟರೆ ಒಂಬತ್ತು. ಮೂರರ ಮಗ್ಗಿ ನೆಲದ ತುಂಬ ಹಸಿರಾಗಿ ಹರಡಿಕೊಂಡಿತು. ನಾವೇನೋ ಕಲಿಸಲು ಬಂದಿದ್ದೇವೆ ಎಂದುಕೊಂಡಿದ್ದೆವು, ವಸುಧಾ ಮಿಸ್ ನೋಟುಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. "ನಮ್ಮಲ್ಲಿ ಏನ್ ಇಡೋದು ಶರಣಮ್ಮಾರೆ?" ಎಂದರು. ಹಲಸೂರು ಕೆರೆ ಕಡೆಯಿಂದ ಹೊಂಗೆ ಎಲೆ ತರಬಹುದು ಎಂದೆ. ದರ್ಶಿನಿ ಕೊನೆಯ ಸಾಲಿನಲ್ಲಿದ್ದಳು. ಅವಳ ಚಿಗುರುಗಳನ್ನು ಪಕ್ಕದವಳೇ ಜೋಡಿಸಿದಳು. ಇವಳ ಕೈ ಲಂಗದ ಕೆಳಗಿತ್ತು.

ಮಧ್ಯಾಹ್ನ ಶಿಕ್ಷಕರ ಸಭೆ. ಮಿಸ್ ಕನ್ನಡದಲ್ಲಿ ಹೇಳಬೇಕು, ನಾನು ತಮಿಳಿನಲ್ಲಿ. ಹದಿನಾಲ್ಕು ಜನ ಎದುರಿಗೆ ಕೂತಿದ್ದರು. ಮಿಸ್ ನಿಂತು, "ಪ್ರತಿಯೊಂದು ಮಗುವಿಗೂ ತನ್ನದೇ ಆದ ಕಲಿಕೆಯ ವೇಗವಿರುತ್ತದೆ, ಅದನ್ನು ಶಿಕ್ಷಕರು ಗೌರವಿಸಬೇಕು" ಎಂದರು. ಸೊಪ್ಪಿನ ಮಾರ್ಕೆಟ್ಟಿನಲ್ಲಿ ಈ ಮಾತು ಯಾರೂ ಆಡುವುದಿಲ್ಲ. ಹುಡುಕಿ ಹುಡುಕಿ ಕೊನೆಗೆ, "ಮಕ್ಕಳು ಅವರವರ ಹಸಿವಿದ್ದಷ್ಟು ತಿನ್ನಲಿ, ಬಾಯಿಗೆ ತುರುಕಬೇಡಿ ಅಂತಾರೆ ನಮ್ಮ ಮಿಸ್" ಎಂದೆ.

ಪ್ರಿನ್ಸಿಪಾಲ್ ಸಾರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಮ್ಮಾ, ಇನ್ನೊಂದು ಸಲ ಹೇಳಿ, ಬರ್ಕೋತೀನಿ" ಎಂದರು.

"ಏನ್ರೀ ಹೇಳಿದ್ರಿ?" ಎಂದು ಮಿಸ್ ಪಿಸುಗುಟ್ಟಿದರು.

"ನೀವು ಹೇಳಿದ್ದನ್ನೇರಿ."

"ನಾನು ಹೇಳಿದಾಗ ಯಾರೂ ಬರ್ಕೊಳ್ಳಲಿಲ್ಲ!"

ಮೂರನೇ ದಿನ

ಆ ಶಾಲೆಯಲ್ಲಿ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಮಕ್ಕಳು ತಾವೇ ಅಂಗಳ ಗುಡಿಸುತ್ತಾರೆ. ಉದ್ದ ಕೋಲಿನ ಕಡ್ಡಿಪೊರಕೆ, ಬಗ್ಗಬೇಕಾಗಿಲ್ಲ, ನಿಂತೇ ಗುಡಿಸಬಹುದು. ಎರಡನೇ ತರಗತಿಯ ಪಾಲಿಗೆ ಬಂದ ಮೂಲೆಯಲ್ಲಿ ದರ್ಶಿನಿ ಒಬ್ಬಳೇ ಇದ್ದಳು. ನಾನೂ ಒಂದು ಪೊರಕೆ ತೆಗೆದುಕೊಂಡು ಅವಳ ಪಕ್ಕ ಗುಡಿಸಿದೆ. ಇಬ್ಬರ ಎಲೆರಾಶಿ ಒಂದಾಯಿತು. ಅವಳು ಸುಮ್ಮನೆ ತನ್ನದನ್ನು ಬೇರೆ ಕಡೆಗೆ ಎಳೆದುಕೊಂಡಳು.

"ದರ್ಶಿನಿ, ಮೊನ್ನೆ ನಿನ್ನ ಕೈಯಲ್ಲಿ ಏನೂ ಇರಲಿಲ್ಲ. ಕೈ ಚೆನ್ನಾಗೇ ಇತ್ತು" ಎಂದೆ.

ಅವಳು ಗುಡಿಸುತ್ತಲೇ ಇದ್ದಳು.

"ನಮ್ಮೂರ ಕಡೆ ಗಂಡ ಸತ್ತೋದ ಹೆಂಗಸರು ಎಲೆ ತಗೊಳ್ಳಲ್ಲ. ಅದಕ್ಕೆ ನಾನು ಹಿಂದೆ ಸರಿದೆ. ತಪ್ಪು ನಂದು."

ಪೊರಕೆ ನಿಂತಿತು. "ನಮ್ಮ ಪಾಟಿಗೂ ತಾತ ಇಲ್ಲ" ಎಂದಳು. ನಾನು ಕೇಳಿದ ಅವಳ ಮೊದಲ ಮಾತು ಅದು. "ಅವಳು ದಿನಾ ಎಲೆ ತಿಂತಾಳೆ. ನಾನೇ ಕೊಡೋದು."

"ಹೌದಾ?"

"ಹೌದು. ನೀನು ಸುಳ್ಳು ಹೇಳ್ತೀಯ."

ಪೊರಕೆಯನ್ನು ಗೋಡೆಗೆ ಒರಗಿಸಿ ನಲ್ಲಿಯ ಕಡೆ ಹೋದಳು. ನೀರು ಬಿಟ್ಟುಕೊಂಡು ಕೈ ತೊಳೆದಳು. ಒಂದು ಸಲ ಅಲ್ಲ.

ಅವಳಿಗೆ ಹೇಳಲೆಂದು ಆ ಮಾತನ್ನು ಹಿಂದಿನ ಸಂಜೆಯೆಲ್ಲ ಜೋಡಿಸಿಕೊಂಡಿದ್ದೆ. ಅದು ಕೆಲಸಕ್ಕೆ ಬರಲಿಲ್ಲ, ಇನ್ನಷ್ಟು ಕೆಡಿಸಿತು. ಅವಳ ಅಜ್ಜಿ ಸುಖವಾಗಿ ಎಲೆ ಮೆಲ್ಲುತ್ತಾಳೆ. ನನ್ನನ್ನು ಯಾರು ಬೇಡ ಎಂದಿದ್ದರು? ಯೋಚಿಸಿದೆ. ಹೆಸರು ಹಿಡಿದು ಹೇಳುವಂತೆ ಯಾರೂ ನೆನಪಾಗಲಿಲ್ಲ. ಪ್ರತಿ ಸಲ ಮೊದಲು ಎದ್ದು ಹೋದವಳು ನಾನೇ.

ನಾಲ್ಕನೇ ದಿನ

ಅಂದು ಮಿಸ್ ಏಣಿಯನ್ನು ಪಾಠ ಮಾಡಿ ತೋರಿಸಬೇಕಾದ ದಿನ. ಅವರೂ ತಂಗರಾಣಿ ಟೀಚರೂ ಸೇರಿ ಮೂರು ಸಂಜೆ ಕೂತು ತಮಿಳು ಅಕ್ಷರದ ಕಾರ್ಡುಗಳನ್ನು ಬರೆದಿದ್ದರು. ಬರೆಯಲು ಸುಲಭವಾದ ಅಕ್ಷರಗಳು ಮೊದಲು, ಆಮೇಲೆ ಅವುಗಳಿಂದ ಆಗುವ ಪದ, ಆಮೇಲೆ ಚಿತ್ರ. ಮಕ್ಕಳು ಗುಂಡಗೆ ಕೂತರು. ಹಿಂದುಗಡೆ ಶಿಕ್ಷಕರು, ಕಿಟಕಿಯ ಹೊರಗೆ ಕೆಲವರು ತಾಯಂದಿರು.

ಮಿಸ್ ಮೊದಲ ಕಾರ್ಡು ಎತ್ತಿದರು. ಮೂವತ್ತು ಮಕ್ಕಳೂ ಒಂದೇ ಉಸಿರಿಗೆ ಕೂಗಿಬಿಟ್ಟರು. ಎರಡನೆಯದಕ್ಕೂ ಹಾಗೇ. ಎರಡನೇ ತರಗತಿಯ ಮಕ್ಕಳು, ಅಕ್ಷರವೆಲ್ಲ ಬಾಯಿಗೆ ಬಂದಿತ್ತು. ಐದು ನಿಮಿಷದಲ್ಲಿ ಕಾರ್ಡೆಲ್ಲ ಮುಗಿದವು. ಪ್ರಿನ್ಸಿಪಾಲ್ ಸಾರ್ ಮೆತ್ತಗೆ, "ಇದರಲ್ಲಿ ಏಣಿ ಎಲ್ಲಿ ಬಂತು?" ಎಂದರು. ಅದನ್ನು ನಾನೇ ಕನ್ನಡ ಮಾಡಿ ಹೇಳಬೇಕಾಯಿತು.

ಮಿಸ್ಸಿನ ಮುಖ ಬಾಡಿತು. "ಏನೂ ಗೊತ್ತಿಲ್ಲದ ಮಗು ಒಂದಿದ್ದಿದ್ರೆ ತೋರಿಸ್ಬಹುದಿತ್ತು" ಎಂದು ಗೊಣಗಿದರು. ಆಮೇಲೆ ನನ್ನನ್ನು ನೋಡಿದರು.

"ಶರಣಮ್ಮಾರೆ, ನಿಮಗೆ ತಮಿಳು ಓದೋಕೆ ಬರುತ್ತಾ?"

"ಎಲ್ಲೀದ್ರಿ ಮಿಸ್. ಮಾತಷ್ಟ."

"ಬನ್ನಿ, ಕೂತ್ಕೊಳ್ಳಿ."

"ನಂಗ ಆಗಂಗಿಲ್ರಿ. ಅಷ್ಟು ಮಂದಿ ನೋಡ್ಲಿಕತ್ತಾರ."

"ದಯವಿಟ್ಟು" ಎಂದರು. ಅವರು ಹಾಗೆ ಅಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಈ ಅಮ್ಮನಿಗೆ ಯಾರು ಕಲಿಸುತ್ತೀರಿ ಎಂದು ಮಿಸ್ ಕೈಸನ್ನೆಯಲ್ಲೇ ಕೇಳಿದರು. ಮಕ್ಕಳು ಮಂಡಿಯ ಮೇಲೆ ಎದ್ದು ಕೈ ಎತ್ತಿದರು. ಎಲ್ಲ ಕೈಗಳ ನಡುವೆ ಎತ್ತದೆ ಇದ್ದ ಕೈ ಯಾವುದು ಎಂದು ನನಗೆ ಗೊತ್ತಿತ್ತು. ನಾನು ಮಕ್ಕಳನ್ನು ದಾಟಿಕೊಂಡು ಹೋಗಿ ದರ್ಶಿನಿಯ ಮುಂದೆ ನೆಲದ ಮೇಲೆ ಕೂತೆ. ಒಲ್ಲೆ ಎನ್ನುವ ಸರದಿ ಈಗ ಅವಳದು. ಅವಳು ಹಾಗೆಂದಿದ್ದರೆ ನಾನು ತಪ್ಪು ಹೇಳುವ ಹಾಗಿರಲಿಲ್ಲ.

"ನನಗೆ ಒಂದಕ್ಷರನೂ ಬರಲ್ಲ. ನೀನೇ ಹೇಳ್ಕೊಡು" ಎಂದೆ.

ಅವಳು ನನ್ನ ಮುಖ ನೋಡಿದಳು. ತಂಗರಾಣಿ ಟೀಚರ್ ಏನೋ ಹೇಳಲು ಬಾಯಿ ತೆರೆದರು, ವಸುಧಾ ಮಿಸ್ ಅವರ ತೋಳು ಹಿಡಿದು ನಿಲ್ಲಿಸಿದರು. ದರ್ಶಿನಿಯ ಒಂದು ಕೈ ಲಂಗದ ಕೆಳಗಿನಿಂದ ಹೊರಗೆ ಬಂತು. ಮೊದಲ ಮೆಟ್ಟಿಲಿನ ಕಾರ್ಡು ಎತ್ತಿ ನಮ್ಮಿಬ್ಬರ ನಡುವೆ ಇಟ್ಟಳು. ಬಳಪ ನನ್ನ ಕಡೆ ಚಾಚಿದಳು. ನಾನು ತೆಗೆದುಕೊಂಡೆ.

ತಮಿಳಿನ 'ಟ' ಸುಲಭ, 'ಡ'ಕ್ಕೂ ಅದೇ ಅಕ್ಷರ. ನಿಂತ ಗೆರೆ ಒಂದು, ಮಲಗಿದ ಗೆರೆ ಒಂದು. ಆದರೆ ಕನ್ನಡ ಬರೆದ ಕೈ ಕೇಳಬೇಕಲ್ಲ, ಮೂಲೆಯಲ್ಲಿ ಗುಂಡಗಾಯಿತು.

"ಯಾಕೆ ದುಂಡಗೆ ಮಾಡ್ತೀಯ? ಮೂಲೆ ಬೇಕು" ಎಂದಳು.

'ಪ' ಬಂತು. ಎರಡು ಗೋಡೆ, ಒಂದು ನೆಲ, ಸೂರಿಲ್ಲದ ಮನೆಯ ಹಾಗೆ. ನಾನು ಬರೆದು ಮುಗಿಸಿ, ಅಭ್ಯಾಸಬಲದಿಂದ ಮೇಲೊಂದು ತಲೆಕಟ್ಟು ಹಾಕಿಬಿಟ್ಟೆ. ಪಕ್ಕದ ಮಕ್ಕಳು ಹೋ ಎಂದು ನಕ್ಕರು.

ದರ್ಶಿನಿ ನಗಲಿಲ್ಲ. "ನಗಬೇಡ್ರೋ, ಪಾಟಿಗೆ ಇನ್ನೂ ಬರಲ್ಲ" ಎಂದಳು. ಗಟ್ಟಿಯಾಗಿಯೇ ಹೇಳಿದಳು. ಸ್ಲೇಟಿನಲ್ಲಿದ್ದುದನ್ನು ಒರೆಸಿ, ನನ್ನ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು, ಹಿಡಿದು ಬರೆಸಿದಳು. ಪುಟ್ಟ ಕೈ, ಮಂಜುಗಾಳಿಗೆ ತಣ್ಣಗಿತ್ತು. ಕೆಳಗೆ, ಅಡ್ಡಕ್ಕೆ, ಮೇಲಕ್ಕೆ, ಸಾಕು, ನಿಲ್ಲಿಸು. ಇನ್ನೊಂದು ಸಲ. ಇನ್ನೊಂದು.

ಹಿಂದೆ ಶಿಕ್ಷಕರು ಒಬ್ಬೊಬ್ಬರಾಗಿ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರು. ಕಲಿಸುವ ಮಗು, ಕಲಿಯುವ ಮಗು, ನಡುವೆ ಒಂದು ಕಾರ್ಡು. ವಸುಧಾ ಮಿಸ್ ತೋರಿಸಬೇಕೆಂದಿದ್ದದ್ದು ಅಷ್ಟೇ. ಯಾರೂ ತಮಿಳು ಮಾಡಿ ಹೇಳಬೇಕಾಗಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಅಂಗಳಕ್ಕೆ ಓಡಿದರು. ನಮ್ಮನ್ನು ಬೀಳ್ಕೊಡುವ ಸಭೆಗೆ ಅಲ್ಲಿ ಕುರ್ಚಿ ಹಾಕಿದ್ದರು, ಮೈಕಿನಲ್ಲಿ ಹಾಡು ಬರುತ್ತಿತ್ತು. ನನ್ನ ಸ್ಲೇಟಿನ ಮೇಲೆ ಮೂರು ಅಕ್ಷರ ಸೇರಿ 'ಪಡಂ' ಎಂದಾಗಬೇಕಿತ್ತು, ಚಿತ್ರ ಎಂದು ಅರ್ಥ. ಎರಡಾಗಿತ್ತು, 'ಮ' ಬಾಕಿ.

"ಮಿಕ್ಕಿದ್ದು ನಾಳೆ" ಎಂದಳು ದರ್ಶಿನಿ, ಟೀಚರ ಹಾಗೆಯೇ ಸೊಂಟಕ್ಕೆ ಕೈಯಿಟ್ಟು. "ನಾಳೆ ನೋಡ್ದೆ ಬರೀಬೇಕು."

"ನಾಳೆ ನಾನಿರಲ್ಲ ದರ್ಶಿನಿ. ಬೆಳಿಗ್ಗೆನೇ ಊರಿಗೆ ಹೊರಡ್ತೀನಿ."

ಅವಳು ಅಂಗಳದ ಕಡೆ ನೋಡಿದಳು, ಸ್ಲೇಟಿನ ಕಡೆ ನೋಡಿದಳು.

"ಹಾಗಾದ್ರೆ ಈಗ್ಲೇ ಮುಗಿಸು" ಎಂದು ಮತ್ತೆ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

ಮೈಕಿನಲ್ಲಿ ನನ್ನ ಹೆಸರು ಕರೆದರು. ಎರಡನೇ ಸಲವೂ ಕರೆದರು. ತಂಗರಾಣಿ ಟೀಚರ್ ಬಾಗಿಲಿಗೆ ಬಂದು, "ದರ್ಶಿನಿ, ಪಾಟಿಯನ್ನ ಬಿಡು. ಪ್ರಿನ್ಸಿಪಾಲ್ ಸಾರ್ ಕಾಯ್ತಿದಾರೆ" ಎಂದರು.

ದರ್ಶಿನಿ ತಲೆಯೆತ್ತಲಿಲ್ಲ. ನನ್ನ ಕೈಯನ್ನೂ ಬಿಡಲಿಲ್ಲ. ಇನ್ನೊಂದು ಕೈಯನ್ನು ಬಾಗಿಲ ಕಡೆ ಎತ್ತಿ ಹಿಡಿದು, "ಇರಿ ಟೀಚರ್, ಪಾಠ ನಡೀತಿದೆ" ಎಂದಳು.

ಟೀಚರ್ ಬಾಗಿಲಲ್ಲೇ ನಿಂತುಕೊಂಡರು. ನಾನು ತಲೆ ತಗ್ಗಿಸಿ ಬರೆದೆ.